ಮೂರು ಭರಣಿ ನೀರು, ಒಂದು ಮರದ ಮೀನು

ಒಡೆದ ನಕಲಿ ಮೀನು ನನ್ನ ಕೈಗೆ ಬಂದದ್ದು ಖಾಲಿ ಬಿಸ್ಕತ್ತು ಪೊಟ್ಟಣದಲ್ಲಿ. ಹಳದಿ ಪೊಟ್ಟಣ ಎಂದು ಬರೆಯಹೊರಟೆ. ಹಳದಿಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಡ, ಬಣ್ಣ ಬಿಡೋಣ. ಗೊತ್ತಿರುವುದು ಇಷ್ಟು: ಕುಂದಾಪುರದ ಕಡೆಯ ಒಂದು ಅಳಿವೆಯ ದಂಡೆಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಹೋಂಸ್ಟೇಗೆ ಬಾಗಿಲು ಕೂರಿಸಲು ನಾನೂ ನನ್ನ ಅಣ್ಣನೂ ಹೋಗಿದ್ದೆವು. ನಾವು ಹೊನ್ನಾಳಿಯ ಬಡಗಿಗಳು. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಅಣ್ಣನ ಪಾಲು. ನನ್ನದು ಲೇತು. ತೊಟ್ಟಿಲ ಕಾಲು, ಮೆಟ್ಟಿಲ ಕಂಬ, ಲಟ್ಟಣಿಗೆ, ಬುಗುರಿ, ಒಟ್ಟಿನಲ್ಲಿ ದುಂಡಗೆ ತಿರುಗುವುದೆಲ್ಲ ನನ್ನ ಪಾಲು.

ಊಟದ ಬಿಡುವಿನಲ್ಲಿ ದಂಡೆಗೆ ಹೋಗಿ ನಿಂತೆ. ದಡದುದ್ದಕ್ಕೂ ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಬೇರುಗಳನ್ನು ಊರುಗೋಲಿನ ಹಾಗೆ ಊರಿಕೊಂಡು ನಿಂತಿದ್ದವು. ಆ ಬೇರುಗಳ ಮುಂದೆ ಒಂದು ಸಣ್ಣ ದೋಣಿ, ಅದರಲ್ಲಿ ಒಬ್ಬನೇ ಮನುಷ್ಯ. ಅವನು ಗಾಳದ ಕೋಲು ಬೀಸಿ ಬೆರಳುದ್ದದ ಪ್ಲಾಸ್ಟಿಕ್ ಮೀನೊಂದನ್ನು ಬೇರುಗಳ ಬಾಗಿಲಿಗೇ ಎಸೆಯುತ್ತಿದ್ದ. ಮೊದಲು ನನಗೆ ಅದೊಂದು ಆಟವೆನ್ನಿಸಿತು. ದೋಣಿ ನಾನು ನಿಂತ ಕಡೆಗೆ ಸರಿದು ಬಂದಾಗ ತಿಳಿನೀರಿನಲ್ಲಿ ಸರಿಯಾಗಿ ಕಂಡೆ. ರೀಲು ಸುತ್ತಿದರೆ ಅದು ಮೂತಿ ತಗ್ಗಿಸಿ, ಸೊಂಟ ಕುಣಿಸುತ್ತ ಕೆಳಗಿಳಿಯುತ್ತಿತ್ತು. ಸುತ್ತುವುದನ್ನು ನಿಲ್ಲಿಸಿದರೆ ನಿಂತುಬಿಡುತ್ತಿತ್ತು. ಮೇಲೆ ಬರುತ್ತಿರಲಿಲ್ಲ, ಕೆಳಗೂ ಹೋಗುತ್ತಿರಲಿಲ್ಲ. ನೀರಿನ ನಡುವೆ ಯಾರೋ ಮೊಳೆ ಹೊಡೆದು ನೇತುಹಾಕಿದ ಹಾಗೆ. ಅಣ್ಣ ಕಟ್ಟಡದಿಂದ ನನ್ನನ್ನು ಕೂಗುತ್ತಿದ್ದನಂತೆ. ನನಗೆ ಕೇಳಿಸಲೇ ಇಲ್ಲ.

ದೋಣಿಯವನನ್ನು ಮಾತಿಗೆಳೆದೆ. ಮಳೆಗಾಲ ಮುಗಿದ ಮೇಲೆ ದೂರದೂರುಗಳಿಂದ ಗಾಳದ ಹವ್ಯಾಸಿಗಳು ಬರುತ್ತಾರೆ, ಅವರನ್ನು ಈ ಬೇರುಗಳ ಸಾಲಿಗೆ ಕರೆದೊಯ್ಯುವುದೇ ಅವನ ಕಸುಬು ಎಂದ. ಅವರಿಗೆ ಬೇಕಾದದ್ದು ಕೆಂಬೇರಿ. ತಾಮ್ರದ ಬಣ್ಣದ, ಗಟ್ಟಿ ದವಡೆಯ ಮೀನು. ಬೇರುಗಳ ಒಳಗೆ ಜಗಲಿಯ ಮೇಲೆ ಯಜಮಾನ ಕೂತ ಹಾಗೆ ಕೂತಿರುತ್ತದೆ, ಹೊರಗೆ ಬಂದು ಅಟ್ಟಿಸಿಕೊಂಡು ಹೋಗುವ ಜಾಯಮಾನ ಅದರದ್ದಲ್ಲ. ನಕಲಿ ಮೀನು ಅದರ ಬಾಗಿಲ ತನಕ ಇಳಿದು, ದಾರಿ ಮರೆತವರಂತೆ ಅಲ್ಲೇ ನಿಲ್ಲಬೇಕು. ಇನ್ನೂ ಇಳಿದರೆ ಗಾಳ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆದ್ದರೆ ಕೆಂಬೇರಿಗೆ ಆಸಕ್ತಿ ಹೋಗುತ್ತದೆ. ಹಾಗೆ ನಿಲ್ಲುವ ಎರಡು ಅವನ ಬಳಿ ಇದ್ದವು, ಎರಡೂ ಪರದೇಶದವು. ಒಂದರ ಹೊಟ್ಟೆಯಿಂದ ಗಾಳದ ಕೊಂಡಿಯನ್ನು ಮೀನೇ ಕಿತ್ತುಕೊಂಡು ಹೋಗಿತ್ತು. ನಾನು ಬಡಗಿ, ಇಂಥದ್ದನ್ನು ಮರದಲ್ಲಿ ತಿರುವಿ ನೋಡುತ್ತೇನೆ ಎಂದೆ. ಆ ಒಡೆದದ್ದನ್ನು ಪೊಟ್ಟಣದಲ್ಲಿ ಹಾಕಿ ಕೊಟ್ಟ. ಮರದಲ್ಲಿ ಮಾಡಿದರೆ, ಅದು ನಿಂತರೆ, ಕೊಂಡಿ ಕಿತ್ತು ಬರದಿದ್ದರೆ, ಅವನೂ ಅಳಿವೆಯ ಉಳಿದ ದೋಣಿಯವರೂ ಪ್ರತಿ ಹಂಗಾಮಿಗೂ ನನ್ನಿಂದಲೇ ತೆಗೆದುಕೊಳ್ಳುತ್ತಾರಂತೆ.

ಊರಿಗೆ ವಾಪಸಾಗುವಾಗ ಅಣ್ಣ ಘಾಟಿಯ ಉದ್ದಕ್ಕೂ ನಕ್ಕ. "ಮಕ್ಕಳು ಬುಗುರಿ ಆಡೋದು ಬಿಟ್ರು ಅಂತ ಈಗ ಮೀನಿಗೆ ಆಡಿಸಾಕೆ ಹೊಂಟೀಯೇನಲೇ?" ಎಂದ. ನಗು ಮುಗಿದ ಮೇಲೆ ಗಂಭೀರನಾದ. ಪ್ಲೈವುಡ್ ಕತ್ತರಿಸುವ ದೊಡ್ಡ ಮಿಷನ್ನಿಗೆ ಅವನು ಆಗಲೇ ಹೇಳಿದ್ದ. ಅದು ನಿಲ್ಲಬೇಕಾದದ್ದು ಶೆಡ್ಡಿನಲ್ಲಿ ನನ್ನ ಲೇತು ನಿಂತ ಜಾಗದಲ್ಲಿ.

"ದೀಪಾವಳಿಗೆ ಮಿಷನ್ ಬರ್ತೈತೆ. ಅಷ್ಟರೊಳಗೆ ಆ ದೋಣಿಯೋನು ಹೂಂ ಅಂದ್ರೆ ಲೇತ್ ಇದ್ದಲ್ಲೇ ಇರ್ಲಿ. ಉಹೂಂ ಅಂದ್ರೆ ಗುಜರಿಗೆ. ನೀನು ನನ್ನ ಜೊತಿಗೆ ಲ್ಯಾಮಿನೇಟ್ ಅಂಟಿಸಾಕೆ ನಿಂದ್ರಬೇಕು, ತಕರಾರಿಲ್ದಂಗೆ."

ನಾನು ಒಪ್ಪಿದೆ. ಒಪ್ಪಿದಾಗ ಹೆದರಿಕೆಯಾಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ನೀರಿನ ನಡುವೆ ನಿಂತ ಆ ಬೆರಳುದ್ದದ ವಸ್ತು ಮಾತ್ರ.

ಮರದ ಹುಡುಕಾಟದಿಂದ ಕೆಲಸ ಶುರುವಾಯಿತು. ಮೊದಲು ಹಾಲವಾಣ ಹಿಡಿದೆ. ಹತ್ತಿಯಂತೆ ಹಗುರ, ಆದರೆ ಉಳಿ ತಾಗಿದಲ್ಲೆಲ್ಲ ನಾರೆದ್ದು ಕಂಬಳಿಯ ಹಾಗಾಗುತ್ತಿತ್ತು. ತೇಗ ಭಾರ. ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ ಒಬ್ಬ ರೈತರು ಬದುವಿನ ಶಿವನೆ ಮರ ಕಡಿಸಿದ್ದಾರೆಂದು ಕೇಳಿ ಬೈಕಿನಲ್ಲಿ ಹೋಗಿ ಒಂದು ದಪ್ಪ ಕೊಂಬೆ ತಂದೆ. ಹಿಂದೆ ಕಟ್ಟಿದ್ದ ಕೊಂಬೆ ದಾರಿಯುದ್ದಕ್ಕೂ ಎದುರಿನವರಿಂದೆಲ್ಲ ನನ್ನನ್ನು ಬೈಸಿತು. ಶಿವನೆ ಹಗುರ, ಒಣಗಿದ ಮೇಲೆ ಸೊಟ್ಟಗಾಗುವುದಿಲ್ಲ, ಉಳಿಯ ಕೆಳಗೆ ಬೆಣ್ಣೆಯ ಹಾಗೆ ಸುಲಿಯುತ್ತದೆ. ಅದನ್ನೇ ಒಣಗಲು ಇಟ್ಟೆ.

ಲೇತಿನ ಮೇಲೆ ಮೀನಿನ ದೇಹ ಬರುವುದು ಕಷ್ಟವಲ್ಲ. ಬುಗುರಿಯ ಮೊನೆ ತಿರುವಿದವನಿಗೆ ಅದು ಸುಲಭವೇ. ಕಷ್ಟ ಇರುವುದು ಆಮೇಲೆ. ಹೊಟ್ಟೆಯ ಉದ್ದಕ್ಕೂ ಗರಗಸದಿಂದ ಸೀಳು ಹೊಡೆದು, ಮೂತಿಯಿಂದ ಬಾಲದ ತನಕ ಒಂದೇ ಸ್ಟೀಲ್ ತಂತಿ ಹಾಯಿಸಿ, ಅದೇ ತಂತಿಯನ್ನು ನಡುವೆ ಬಗ್ಗಿಸಿ ಹೊಟ್ಟೆಯಲ್ಲಿ ಗಾಳ ತೂಗುವ ಕೊಂಡಿ ಮಾಡಿದೆ. ಮೀನು ಎಷ್ಟೇ ಎಳೆದರೂ ಅದು ಮರವನ್ನಲ್ಲ, ತಂತಿಯನ್ನು ಎಳೆಯಬೇಕು. ಸೀಳಿನಲ್ಲಿ ಸೀಸದ ಚೂರು ಕೂರಿಸಿ ಅಂಟು ತುಂಬಿದೆ. ಮೂತಿಯ ಕೆಳಗೆ ಓರೆಯಾಗಿ ಒಂದು ಪಾರದರ್ಶಕ ಪ್ಲಾಸ್ಟಿಕ್ ತುಟಿ. ನೀರು ಆ ತುಟಿಗೆ ಬಡಿದರೇ ಮೀನು ಕೆಳಗಿಳಿಯುವುದು, ಸೊಂಟ ಕುಣಿಸುವುದು.

ಬಣ್ಣಕ್ಕೆ ಚನ್ನಗಿರಿಯ ಪೇಂಟರ್ ಭಾಯ್ ಬಳಿ ಹೋದೆ. ಅವರು ಬೈಕುಗಳ ಟ್ಯಾಂಕಿಗೆ ಬಣ್ಣ ಹೊಡೆಯುವವರು, ನನಗಿಂತ ಹಿರಿಯರು, ಹಿಂದೆ ನನ್ನ ತೊಟ್ಟಿಲುಗಳಿಗೆ ಬಣ್ಣ ಕೊಟ್ಟವರು. ಮರದ ಮೀನನ್ನು ಬೆಳಕಿಗೆ ಹಿಡಿದು ತಿರುಗಿಸಿ, ಇದು ಯಾವ ಗಾಡಿಯ ಬಿಡಿಭಾಗ ಎಂದು ಕೇಳಿದರು. ಹೇಳಿದೆ. ಗಿರಾಕಿಯ ಬೈಕನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಬಾಗಿಲು ಎಳೆದರು. ಅವತ್ತಿನಿಂದ ಈ ಕೆಲಸ ಇಬ್ಬರದ್ದಾಯಿತು. ಬೆನ್ನಿಗೆ ಪಾಚಿಹಸಿರು, ಪಕ್ಕಕ್ಕೆ ಬೆಳ್ಳಿ. ಸೊಳ್ಳೆಪರದೆಯ ತುಂಡನ್ನು ಮೈಗೆ ಸುತ್ತಿ ಅದರ ಮೇಲೆ ಬಣ್ಣ ಊದಿ ಹುರುಪೆ ಬರಿಸಿದರು. ಮೇಲೆ ಬೈಕಿಗೆ ಹೊಡೆಯುವ ಅದೇ ಗಾಜಿನಂಥ ಮೆರುಗು.

ಒಂದು ಹಳೆಯ ಗಾಳದ ಕೋಲು, ರೀಲು ಹೊಂದಿಸಿಕೊಂಡು ಪರೀಕ್ಷೆಗೆ ಸೂಳೆಕೆರೆಗೆ ಹೋದೆವು. ಬಸವಾಪಟ್ಟಣದಿಂದ ಆಚೆ, ಸಮುದ್ರದಂತೆ ಕಾಣುವ ಕೆರೆ. ಭಾಯ್ ಹಾಗೇ ಅಂದರು: "ಸಮುದ್ರ ಅಂದ್ರೆ ಇನ್ನೇನ್ರೀ ಆಚಾರ್ರೆ, ಇದೇ ಇನ್ನೊಂಚೂರು ದೊಡ್ಡದು." ನಾನೂ ತಲೆಯಾಡಿಸಿದೆ. ನಮ್ಮ ಇಡೀ ತಪ್ಪು ಆ ತಲೆಯಾಡಿಸುವಿಕೆಯಲ್ಲಿತ್ತು, ಆದರೆ ಅಲ್ಲಿ ನಿಂತವರಿಗೆ ಅದು ಹೊಳೆಯುವಂತಿರಲಿಲ್ಲ.

ಮೊದಲನೆಯದು ಕಲ್ಲಿನಂತೆ ಮುಳುಗಿತು. ಎರಡನೆಯದು ಮಲಗಿಕೊಂಡಿತು. ಮೂರನೆಯದು ಸುತ್ತುತ್ತ ಸುತ್ತುತ್ತ ದಾರವನ್ನು ಜಡೆ ಹೆಣೆಯಿತು. ಬಲೆ ಒಣಗಿಸುತ್ತಿದ್ದ ಕೆರೆಯ ಮೀನುಗಾರರು ಹತ್ತಿರ ಬಂದು ಕೂತರು. ಇದನ್ನು ಕಚ್ಚುವ ಮೀನಿಗೆ ಮೊದಲು ಹುಚ್ಚು ಹಿಡಿದಿರಬೇಕು ಎಂದು ಒಬ್ಬರು, ಹಿಡಿದ ಮೇಲೆ ಮೀನು ಬಿಟ್ಟು ಇದನ್ನೇ ಶೋಕೇಸಿನಲ್ಲಿಡಬಹುದು ಎಂದು ಇನ್ನೊಬ್ಬರು. ನಾವು ದಡದಲ್ಲೇ ಕೂತು ಸೀಸ ಕೆತ್ತಿದೆವು, ತುಟಿ ಉಜ್ಜಿದೆವು. ಹೊತ್ತು ಇಳಿಯುವಾಗ ಒಂದು ಮರದ ಮೀನು ರೀಲಿನ ಎಳೆತಕ್ಕೆ ಕೆಳಗಿಳಿದು, ಕುಣಿದು, ನಾನು ಕೈ ನಿಲ್ಲಿಸಿದ ಕೂಡಲೇ ನಿಂತಿತು. ಮೊಳೆ ಹೊಡೆದ ಹಾಗೆ. ಮೀನುಗಾರರು ಎದ್ದು ನಿಂತರು. ಭಾಯ್ ಚಪ್ಪಲಿ ಸಮೇತ ನೀರಿಗಿಳಿದು ಬಗ್ಗಿ ನೋಡಿದರು. ಅವತ್ತು ನಾವಿಬ್ಬರೂ ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಜೋರಾಗಿ ಮಾತಾಡಿದ್ದು ಯಾವ ವಿಷಯವೆಂದು ನೆನಪಿಲ್ಲ. ಜನ ತಿರುಗಿ ನೋಡುತ್ತಿದ್ದದ್ದು ನೆನಪಿದೆ.

ಅದೇ ತೂಕದಲ್ಲಿ ಇನ್ನಷ್ಟು ಮಾಡಿ, ಗಣೇಶ ಹಬ್ಬ ಕಳೆದ ಮೇಲೆ ಇಬ್ಬರೂ ಬಸ್ಸು ಹತ್ತಿದೆವು.

ಅಳಿವೆಯಲ್ಲಿ ಉಬ್ಬರ ಏರುತ್ತಿತ್ತು. ದೋಣಿಯವನು ನಮ್ಮ ಮೀನನ್ನು ಕಾಂಡ್ಲಾದ ನೆರಳಿಗೆ ಎಸೆದ. ಸುತ್ತಿದ, ಇಳಿಯಿತು, ಕುಣಿಯಿತು. ಭಾಯ್ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಅವನು ಕೈ ನಿಲ್ಲಿಸಿದ. ಮೀನು ಬೆಂಡಿನ ಹಾಗೆ ಪುಟಿದು ಮೇಲೆ ಬಂತು.

ಬೆಂಡಿನ ಹಾಗೆ ಪುಟಿಯಿತು ಎಂಬುದು ನನ್ನ ನೆನಪು. ಭಾಯ್ ಮೊಬೈಲಿನಲ್ಲಿ ತೆಗೆದ ವಿಡಿಯೋ ಬೇರೆಯೇ ಹೇಳುತ್ತದೆ. ಅದರಲ್ಲಿ ಮೀನು ಅವಸರವಿಲ್ಲದೆ, ನಿದ್ದೆಯಿಂದೆದ್ದವರಂತೆ ಮೇಲೆ ಬರುತ್ತದೆ. ಆದರೆ ಬರುತ್ತದೆ. ಮತ್ತೆ ಎಸೆದ, ಮತ್ತೆ ಬಂತು. ತಂದದ್ದೆಲ್ಲವೂ ಬಂದವು. ದೋಣಿಯವನು ಬಯ್ಯಲಿಲ್ಲ. ಪ್ರವಾಸಿಯೊಬ್ಬ ಉಳಿದಿದ್ದ ಆ ಇನ್ನೊಂದು ಪ್ಲಾಸ್ಟಿಕ್ ಮೀನನ್ನೂ ಬೇರಿಗೆ ಸಿಕ್ಕಿಸಿ ಕಳೆದಿದ್ದಾನೆ, ಈಗ ತನ್ನ ಬಳಿ ಅಂಥದ್ದು ಒಂದೂ ಇಲ್ಲ ಎಂದು ಮಾತ್ರ ಹೇಳಿದ. ಅದು ಬೈಗುಳಕ್ಕಿಂತ ಭಾರವಾಗಿತ್ತು. ದೀಪಾವಳಿಗೆ ಮುಂಚೆ ಇನ್ನೊಂದು ಸಲ ಬನ್ನಿ, ಆಮೇಲೆ ತಾನು ಬೇರೆ ದಾರಿ ನೋಡಬೇಕು ಎಂದ.

ವಾಪಸು ಬರುವಾಗ ಉಪ್ಪಿನ ವಿಚಾರ ಎದ್ದಿತು. ಉಪ್ಪುನೀರು ದಪ್ಪ, ವಸ್ತುವನ್ನು ಹೆಚ್ಚು ಎತ್ತಿ ಹಿಡಿಯುತ್ತದೆ ಎಂಬುದು ಶಾಲೆಯಲ್ಲಿ ಇಬ್ಬರೂ ಓದಿದ್ದೇ. ಹಾಗಾದರೆ ನಮ್ಮೂರ ಕಡೆ ಉಪ್ಪುನೀರು ಎಲ್ಲಿದೆ? ಭಾಯ್ ಸೀಟಿನಿಂದ ಅರ್ಧ ಎದ್ದರು. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಅವರ ಷಡ್ಡಕರ ಹೊಲವಿತ್ತು, ಹೊಲದಲ್ಲಿ ಬೋರು. ಅದರ ನೀರು ಎಷ್ಟು ಸವುಳೆಂದರೆ ಚಹಾ ಮಾಡಿದರೆ ಹಾಲು ಒಡೆಯುತ್ತದೆ, ಕುರಿಗಳೂ ಮೂಸಿ ನೋಡಿ ಮುಖ ತಿರುಗಿಸುತ್ತವೆ ಎಂದರು. ಇಬ್ಬರಿಗೂ ಹುರುಪು ಬಂತು.

ಬಿಳಿಚೋಡಿನಲ್ಲಿ ಸಿಮೆಂಟಿನ ತೊಟ್ಟಿ ತುಂಬಿಸಿಕೊಂಡು, ಸೂಳೆಕೆರೆಯಲ್ಲಿ ನಿಂತ ಅದೇ ಮೀನನ್ನು ಬಿಟ್ಟೆವು. ಇಲ್ಲಿ ಮೇಲೆ ಬರಬೇಕಿತ್ತು. ಬರಲಿಲ್ಲ. ಕೆರೆಯಲ್ಲಿ ನಿಂತ ಹಾಗೆಯೇ ನಿಂತಿತು. ಷಡ್ಡಕರು ಒಂದು ಲೋಟ ನೀರು ಕೊಟ್ಟು ಕುಡಿದು ನೋಡಿ ಎಂದರು. ನಾಲಿಗೆ ಕಚ್ಚುವಷ್ಟು ಸವುಳು. "ಇದಕ್ಕಿಂತ ಉಪ್ಪು ಬೇಕು ಅಂದ್ರೆ ಉಪ್ಪಿನ ಮೂಟೇನೇ ತಿನ್ರಿ," ಎಂದರು ಅವರು, ತಮ್ಮ ಬೋರಿಗೆ ಅವಮಾನವಾದವರಂತೆ.

ಅಲ್ಲಿಂದ ನಾವು ತಪ್ಪು ದಾರಿ ಹಿಡಿದೆವು. ದೋಷ ಉಪ್ಪಿನದ್ದಲ್ಲ, ತುಟಿಯದ್ದು ಎಂದು ತೀರ್ಮಾನಿಸಿ ನಾನು ತುಟಿಗಳನ್ನು ಉದ್ದ ಮಾಡಿದೆ, ಗಿಡ್ಡ ಮಾಡಿದೆ, ಓರೆ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಹೊನ್ನಾಳಿಯ ಹೊಳೆಯಲ್ಲಿ ಎಲ್ಲವೂ ಚೆನ್ನಾಗಿಯೇ ನಿಂತವು. ಅದೇ ತೊಂದರೆ. ಇಲ್ಲಿ ನಿಲ್ಲದಿದ್ದರೆ ತಿದ್ದಬಹುದಿತ್ತು. ಅಣ್ಣ ಟೇಪು ಹಿಡಿದು ಲೇತಿನ ಸುತ್ತ ಅಳೆದು ಹೋಗುತ್ತಿದ್ದ. ಟೇಪು ಸರ್ರನೆ ಒಳಗೆ ಸೇರುವ ಸದ್ದು ಶೆಡ್ಡಿಗೆಲ್ಲ ಕೇಳುತ್ತಿತ್ತು.

ಕೊನೆಗೆ ಆ ಜಾಗದ ನೀರನ್ನೇ ತರಿಸುವುದು ಎಂದು ನಿರ್ಧರಿಸಿದೆ. ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಮೀನು ಹೊತ್ತ ವ್ಯಾನು ನಮ್ಮ ಸಂತೆಗೆ ಬರುತ್ತದೆ. ದೋಣಿಯವನು ಒಂದು ಕ್ಯಾನು ನೀರು ತುಂಬಿ ಅದರಲ್ಲಿ ಕಳಿಸಿದರೆ ಸಾಕು. ಫೋನು ಮಾಡಿದೆ. ಅವನು ಅಡ್ಡಿಯಿಲ್ಲ ಎಂದ. ಆಮೇಲೆ ಕೇಳಿದ:

"ಯಾವ ನೀರ್ ಬೇಕ್ ನಿಮ್ಗೆ? ಉಬ್ಬರದ್ದಾ, ಇಳಿತದ್ದಾ?"

ನಾನು ಅರ್ಥವಾಗದೆ, ಆ ಕಾಂಡ್ಲಾದ ಮುಂದಿನ ನೀರು ಎಂದೆ.

"ಅಲ್ಲಿದೇ ಮಾರ್ರೆ. ಉಬ್ಬರಕ್ಕೆ ಅಲ್ ಸಮುದ್ರ ಇರತ್ತ್. ಇಳಿತಕ್ಕೆ ಹೊಳಿ ಬರತ್ತ್. ಎರಡ್ರಗೆ ಯಾವ್ದ್?"

ನಾನು ಎದ್ದು ನಿಂತೆ ಎಂದು ಭಾಯ್ ಹೇಳುತ್ತಾರೆ. ಅವರು ಆಗ ಶೆಡ್ಡಿನಲ್ಲಿದ್ದರು ಎಂಬುದೇ ನನಗೆ ಖಾತ್ರಿಯಿಲ್ಲ. ಆದರೆ ಆ ಪ್ರಶ್ನೆ ಇವತ್ತಿಗೂ ಅದೇ ದನಿಯಲ್ಲಿ ಕಿವಿಯಲ್ಲಿದೆ. ನಮ್ಮ ಕಡೆ ನೀರಿನ ರುಚಿ ಜಾಗಕ್ಕೆ ಅಂಟಿಕೊಂಡಿರುತ್ತದೆ. ಈ ಬಾವಿ ಸಿಹಿ, ಆ ಬೋರು ಸವುಳು, ಈ ಕೆರೆಯದ್ದು ಬೇಳೆ ಬೇಯಿಸುತ್ತದೆ, ಆ ಕೆರೆಯದ್ದು ಬೇಯಿಸುವುದಿಲ್ಲ. ಹೆಣ್ಣು ಕೊಡುವಾಗಲೂ ಆ ಊರ ನೀರು ಹೆಂಗೈತೆ ಎಂದು ಕೇಳುವ ಜನ ನಾವು. ಒಂದೇ ಜಾಗದಲ್ಲಿ ಬೆಳಿಗ್ಗೆ ಒಂದು ನೀರು, ಮಧ್ಯಾಹ್ನ ಇನ್ನೊಂದು ನೀರು ಇರಬಹುದೆಂದು ನಮ್ಮ ತಲೆಗೆ ಹೊಳೆಯುವುದಾದರೂ ಹೇಗೆ? ಎರಡನ್ನೂ ಕಳಿಸು ಎಂದೆ.

ಎರಡು ಕ್ಯಾನುಗಳು ಮೀನಿನ ವಾಸನೆ ಹೊತ್ತು ಬಂದವು. ಉಬ್ಬರದ ಕ್ಯಾನಿನ ಕುತ್ತಿಗೆಗೆ ಅವನು ಬಲೆಯ ದಾರ ಕಟ್ಟಿದ್ದ. ಬೇಕರಿಯವರಿಂದ ದೊಡ್ಡ ಗಾಜಿನ ಭರಣಿಗಳನ್ನು ಬೇಡಿ ತಂದು ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ಒಂದರಲ್ಲಿ ನಮ್ಮ ಹೊಳೆಯ ನೀರು, ಇನ್ನೊಂದರಲ್ಲಿ ಇಳಿತದ್ದು, ಮೂರನೆಯದರಲ್ಲಿ ಉಬ್ಬರದ್ದು. ಕಣ್ಣಿಗೆ ಮೂರೂ ಒಂದೇ. ಭಾಯ್ ಬೆರಳದ್ದಿ ರುಚಿ ನೋಡಿದರು. ನಡುವಿನದು ಉಪ್ಪು ಕಡಿಮೆ ಬಿದ್ದ ಸಾರು, ಕೊನೆಯದು ಉಪ್ಪಿನಕಾಯಿ ಜಾಡಿ ಎಂದರು. ಬಿಳಿಚೋಡಿನ ಬೋರು ಈ ಸಾರಿಗೂ ಸಮ ಬರುವುದಿಲ್ಲ, ಆದರೆ ಇದನ್ನು ಷಡ್ಡಕನ ಎದುರು ಹೇಳಬೇಡಿ ಎಂದೂ ಸೇರಿಸಿದರು.

ಒಂದೇ ಮರದ ಮೀನನ್ನು ಮೂರಕ್ಕೂ ಬಿಟ್ಟೆ. ಮೊದಲನೆಯದರಲ್ಲಿ ನಡುವೆ ನಿಂತಿತು. ಎರಡನೆಯದರಲ್ಲಿ ಯೋಚಿಸುತ್ತ ಯೋಚಿಸುತ್ತ ಮೇಲೆ ಬಂತು. ಮೂರನೆಯದರಲ್ಲಿ ಒಳಗೆ ತಳ್ಳಿ ಬೆರಳು ತೆಗೆದ ಕ್ಷಣ ಮೇಲಿತ್ತು. ನಾವು ಮಕ್ಕಳಂತೆ ಮತ್ತೆ ಮತ್ತೆ ಮಾಡಿದೆವು. ಬಾಗಿಲಿಗೆ ಹಿಡಿಕೆ ಹಾಕಿಸಲು ಬಂದಿದ್ದ ಗಿರಾಕಿಯೂ ಒಂದು ಸರದಿ ಕೇಳಿದ.

ಖುಷಿ ಇಳಿದ ಮೇಲೆ ಕಷ್ಟ ಕಾಣಿಸಿತು. ಉಬ್ಬರಕ್ಕೆ ಸರಿಯಾಗುವಷ್ಟು ಸೀಸ ಹಾಕಿದರೆ ಇಳಿತದಲ್ಲಿ ಮುಳುಗಿ ಬೇರಿಗೆ ಸಿಕ್ಕುತ್ತದೆ. ಇಳಿತಕ್ಕೆ ಹಾಕಿದರೆ ಉಬ್ಬರದಲ್ಲಿ ಬೆಂಡು. ಎರಡು ಬಗೆ ಮಾಡಿಕೊಡೋಣ ಎಂದರು ಭಾಯ್. ಆದರೆ ಇಳಿತ ಮುಗಿದು ಉಬ್ಬರ ಏರುವ ನಡುವೆ ನೀರು ಗಳಿಗೆಗೊಂದು ಥರ, ಮೇಲಿನ ಹೊಳೆಯಲ್ಲಿ ಮಳೆ ಬಿದ್ದರೆ ಮತ್ತೊಂದು ಥರ. ಎಷ್ಟು ಬಗೆ ಮಾಡುವುದು? ಹೊಟ್ಟೆ ಕೊರೆದು ಸೀಸ ತೆಗೆಯಲು, ಸೇರಿಸಲು ಬರುವಂತೆ ಒಂದು ತಿರುಪು ಕೂರಿಸಿ ನೋಡಿದೆ. ತಿರುಪಿನ ಸಂದಿಯಿಂದ ನೀರು ಒಳಗೆ ಸೇರಿ, ಶಿವನೆ ಉಬ್ಬಿ, ಭಾಯ್ ಹೊಡೆದ ಮೆರುಗು ಬಾಲದಿಂದ ತಲೆಯ ತನಕ ಸೀಳಿತು. ಭಾಯ್ ಆ ಸೀಳನ್ನು ಉಗುರಿನಿಂದ ಮುಟ್ಟಿ ಹೊರಗೆ ಹೋಗಿ ಬೀಡಿ ಹಚ್ಚಿದರು.

ಆಮೇಲೆ ಆದ ನಿರ್ಧಾರಕ್ಕೆ ಮೂವರು ಹಕ್ಕುದಾರರಿದ್ದಾರೆ. ತಮ್ಮ ಅಂಗಡಿಯ ಪಕ್ಕದ ಮೊಬೈಲ್ ರಿಪೇರಿಯವರಲ್ಲಿ ಕೂತಿದ್ದಾಗ ತಮಗೆ ಹೊಳೆಯಿತು ಎಂದು ಭಾಯ್. ತಾನು ತಮಾಷೆಗೆ ಅಂದದ್ದನ್ನೇ ಇವರು ಎತ್ತಿಕೊಂಡರು ಎಂದು ಅಣ್ಣ. ನನ್ನ ನೆನಪಿನಲ್ಲಂತೂ ಅದು ನನ್ನದೇ, ಸ್ನಾನದ ಮನೆಯಲ್ಲಿ, ತಲೆಯ ಮೇಲೆ ಚೊಂಬು ಎತ್ತಿದಾಗ. ಮೂರೂ ಅಷ್ಟೊಂದು ಸ್ಪಷ್ಟವಾಗಿರುವುದರಿಂದ ಮೂರನ್ನೂ ನಾನು ನಂಬುವುದಿಲ್ಲ. ನಿರ್ಧಾರ ಹೀಗಿತ್ತು: ಮೀನನ್ನು ಯಾವ ನೀರಿಗೂ ಪೂರ್ತಿ ಹೊಂದಿಸದೆ, ಎಲ್ಲ ನೀರಿನಲ್ಲೂ ಕೊಂಚ ತೇಲುವಂತೆ ಹಗುರವಾಗಿ ಬಿಡುವುದು. ಜೊತೆಗೆ ಮೊಬೈಲ್ ರಿಪೇರಿಯವರು ಬಳಸುವ ಮೆತ್ತನೆಯ ಬೆಸುಗೆ ತಂತಿಯ ಒಂದು ಸುರುಳಿ ಕೊಡುವುದು. ದೋಣಿಯಲ್ಲಿ ಕೂತವನು ಅವತ್ತಿನ ನೀರು ನೋಡಿ ಗಾಳದ ಕಾಂಡಕ್ಕೆ, ಅಂದರೆ ಕೊಕ್ಕೆಯ ನೇರ ಭಾಗಕ್ಕೆ, ತಂತಿಯನ್ನು ಬೇಕಾದಷ್ಟು ಸುತ್ತಿಕೊಳ್ಳಲಿ, ನೀರು ಬದಲಾದರೆ ಬಿಚ್ಚಲಿ.

ಇದು ಸುಲಭವೆಂದು ಓದುವವರಿಗೆ ಅನ್ನಿಸಬಹುದು. ನನಗೆ ಸಂಕಟವಾಗಿತ್ತು. ನಾಲ್ಕೂ ಕಾಲು ಸಮ ಕೂರದ ತೊಟ್ಟಿಲನ್ನು ನಮ್ಮ ಮನೆಯಿಂದ ಯಾರೂ ಹೊರಗೆ ಕಳಿಸಿದವರಲ್ಲ. ಅಣ್ಣ ಅದನ್ನೇ ಹಿಡಿದ. "ಅರ್ಧ ಕೆಲಸ ಮಾಡಿ ಉಳಿದರ್ಧ ಗಿರಾಕಿಗೆ ಹೇಳ್ತೀಯಲ್ಲೋ. ನಾಳೆ ನಾನು ಬಾಗ್ಲ ಕೊಟ್ಟು, ಕೈಗೆ ರಂದಾನೂ ಕೊಟ್ಟು, ನೀವೇ ಉಜ್ಜಿಕಳ್ರಿ ಅನ್ಲಾ?" ಎಂದ. ಮಳೆಗಾಲದಲ್ಲಿ ಉಬ್ಬುವ ಬಾಗಿಲನ್ನು ಉಜ್ಜಲು ಅವನೇ ಊರೂರು ತಿರುಗುವುದು ಸಂಜೆ ನೆನಪಾಯಿತು. ಅಷ್ಟೊತ್ತಿಗೆ ಅವನು ಮನೆಗೆ ಹೋಗಿದ್ದ.

ಹೊಸ ಮೀನುಗಳನ್ನು ತಿರುವಿದೆ. ಭಾಯ್ ಮೆರುಗನ್ನು ಒಂದು ಪದರ ಹೆಚ್ಚೇ ಹೊಡೆದರು. ದೀಪಾವಳಿ ಹತ್ತಿರವಿದ್ದಾಗ ಹೊರಟೆವು. ಇವತ್ತೇ ಲೇತಿನ ಬೋಲ್ಟು ಬಿಚ್ಚುವ ಜನ ಬರುತ್ತಾರೆ, ಏನಾಯಿತೆಂದು ಫೋನು ಮಾಡು ಎಂದು ಅಣ್ಣ ಬಸ್ಸಿನ ಕಿಟಕಿಯಲ್ಲಿ ಹೇಳಿದ.

ಅಳಿವೆಯಲ್ಲಿ ಇಳಿತ. ಕಾಂಡ್ಲಾದ ಬೇರುಗಳು ಮೊಣಕಾಲ ತನಕ ಕಾಣುತ್ತಿದ್ದವು, ಅವುಗಳ ಮೇಲೆ ಸಣ್ಣ ಏಡಿಗಳು ನಮ್ಮನ್ನು ಕಂಡು ಹಿಂಬದಿಗೆ ಸರಿದವು. ದೋಣಿಯವನು ನಮ್ಮ ಮೀನನ್ನು ದೋಣಿಯ ಪಕ್ಕದಲ್ಲೇ ಮುಳುಗಿಸಿ ಬಿಟ್ಟ. ಮೇಲೆ ಬಂತು. ಅವನು ನನ್ನ ಮುಖ ನೋಡಿದ. ನಾನು ತಂತಿ ತೆಗೆದು ಗಾಳದ ಕಾಂಡಕ್ಕೆ ಸುತ್ತಿದೆ. ಬಿಟ್ಟ. ನಿಧಾನಕ್ಕೆ ಬಂತು. ಇನ್ನೊಂದು ಸುತ್ತು. ನಿಂತಿತು. ಅವನು ತಂತಿಯ ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಪಕ್ಕದಲ್ಲಿಟ್ಟುಕೊಂಡ.

ಎಸೆದ, ಇಳಿಯಿತು, ನಿಂತಿತು. ಏನೂ ಇಲ್ಲ. ಎಸೆದ, ಬೇರಿಗೆ ಸಿಕ್ಕಿತು. ದೋಣಿ ತಳ್ಳಿಕೊಂಡು ಹೋಗಿ ಬಿಡಿಸಿದ. ಎಸೆದ, ಎಸೆದ. ಮೂಲೆ ಮೂಲೆಯ ಬೇರು ಹುಡುಕಿದ. ಇಳಿತ ಮುಗಿದು ನೀರು ಸ್ತಬ್ಧವಾಯಿತು, ಆಮೇಲೆ ಎಲೆಗಳು ಹಿಂದಕ್ಕೆ ಹರಿಯತೊಡಗಿದವು. ಹೊಳೆಯೇ ತಿರುಗಿ ಹೊರಟ ಹಾಗೆ. ಭಾಯ್ ಅದನ್ನು ನೋಡಿ ತೌಬಾ ತೌಬಾ ಎಂದರು. ಉಬ್ಬರ ಏರಿದಂತೆ ನಮ್ಮ ಮೀನು ನಿಲ್ಲುವುದನ್ನು ಬಿಟ್ಟು ಮೇಲೆ ಬರತೊಡಗಿತು. ನನ್ನ ಕೈ ತಂತಿಗೆ ಹೋಗುವ ಮೊದಲೇ ದೋಣಿಯವನು ತಾನೇ ಇನ್ನೊಂದು ಸುತ್ತು ಹಾಕಿಕೊಂಡ. ಹಲ್ಲಿನಿಂದ ತುದಿ ಕತ್ತರಿಸಿದ. ಕೆಂಬೇರಿ ಇನ್ನೂ ಕಚ್ಚಿರಲೇ ಇಲ್ಲ, ನಾನು ಆಗಲೇ ಕಾಲು ಚಾಚಿ ಕೂತೆ.

ಬಾಗಿದ ಒಂದು ಕೊಂಬೆಯ ಕೆಳಗೆ ಎಸೆದ. ಸುತ್ತಿದ. ನಿಲ್ಲಿಸಿದ. ನಾವು ಮೂವರೂ ಕಾಣದ ಆ ಜಾಗವನ್ನು ನೋಡುತ್ತ ಕೂತೆವು.

ಕೋಲು ನೀರಿಗೆ ಬಗ್ಗಿತು. ಕಚ್ಚಿದ ಸದ್ದು ಕೇಳಿತು ಎಂದು ಭಾಯ್ ಆಣೆ ಮಾಡುತ್ತಾರೆ. ನನಗೆ ಕೇಳಿದ್ದು ರೀಲಿನ ಕಿರುಚಾಟ. ಕೆಂಬೇರಿ ಕಚ್ಚಿದ ಮೇಲೆ ಮಾಡುವುದು ಒಂದೇ ಕೆಲಸ, ಮನೆಗೆ ವಾಪಸು ಹೋಗುವುದು. ಬೇರುಗಳ ಒಳಗೆ ಒಮ್ಮೆ ಹೊಕ್ಕರೆ ದಾರ ಹರಿಯುತ್ತದೆ, ಮುಗಿಯಿತು. ದೋಣಿಯವನು ದಾರ ಬಿಡಲಿಲ್ಲ. ಕಾಲುಗಳನ್ನು ದೋಣಿಯ ಅಂಚಿಗೆ ಒತ್ತಿ, ಹಿಂದಕ್ಕೆ ಬಾಗಿ, ಪೂರ್ತಿ ಬಿಗಿ ಹಿಡಿದ. ಮೀನು ಒಂದು ಕಡೆ, ಅವನು ಒಂದು ಕಡೆ,  ನಡುವೆ ಶಿವನೆ ಮರದ ಬೆರಳುದ್ದದ ತುಂಡು, ಅದರ ಹೊಟ್ಟೆಯಲ್ಲಿ ನನ್ನ ಸ್ಟೀಲ್ ತಂತಿ. ದೋಣಿಯೇ ಬೇರುಗಳ ಕಡೆ ಸರಿಯತೊಡಗಿತು. ಜೀವಮಾನದಲ್ಲಿ ಹುಟ್ಟು ಮುಟ್ಟದ ಭಾಯ್ ಅದನ್ನು ತೆಗೆದುಕೊಂಡು ಬೇರಿಗೆ ಒತ್ತಿ ತಳ್ಳಿದರು. ನಾನು ಭಾಯ್ ಸೊಂಟ ಹಿಡಿದುಕೊಂಡಿದ್ದೆ, ಅಥವಾ ದೋಣಿಯ ಅಂಚನ್ನು. ಎಷ್ಟು ಹೊತ್ತು, ಕೇಳಬೇಡಿ.

ಮೀನು ಪಕ್ಕಕ್ಕೆ ವಾಲಿ ಬಂತು. ತಾಮ್ರದ ತಟ್ಟೆಗೆ ಹುರುಪೆ ಬಂದ ಹಾಗಿತ್ತು. ದೋಣಿಯೊಳಗೆ ಬಿದ್ದು ಹಲಗೆಗೆ ಬಾಲ ಬಡಿಯಿತು. ನಮ್ಮ ಮೀನು ಅದರ ದವಡೆಯಲ್ಲಿ ಅಡ್ಡಲಾಗಿ ಕೂತಿತ್ತು. ಬೆನ್ನಿನ ಹಸಿರು ಕೆರೆದುಹೋಗಿ ಹಲ್ಲಿನ ಗುರುತಿನಲ್ಲಿ ಬಿಳಿ ಮರ ಕಾಣುತ್ತಿತ್ತು. ಸ್ಟೀಲ್ ತಂತಿ ಕದಲಿರಲಿಲ್ಲ. ದೋಣಿಯವನು ಇಕ್ಕಳದಿಂದ ಅದನ್ನು ಬಿಡಿಸಿ, ನೀರಿನಲ್ಲಿ ತೊಳೆದು, ಹೊಟ್ಟೆಯ ಕೊಂಡಿಯನ್ನು ಬೆರಳಿನಿಂದ ಜಗ್ಗಿ ಜಗ್ಗಿ ನೋಡಿದ. ನಾನು ಕೈ ಚಾಚಿದೆ. ಹಲ್ಲಿನ ಗುರುತನ್ನು ಹತ್ತಿರದಿಂದ ನೋಡಬೇಕಿತ್ತು. ಅದೊಂದೇ ಸರಿಯಾಗಿ ಪಾಸಾದ ಮಾದರಿ, ಅದರ ಅಳತೆಯಲ್ಲೇ ಮುಂದಿನವು ಆಗಬೇಕಿತ್ತು.

ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. "ಇದ್ ನಾ ಕೊಡುದಿಲ್ಲೆ," ಎಂದ. ನಮ್ಮ ಚೀಲದಲ್ಲಿದ್ದ ಉಳಿದವನ್ನೂ ತೆಗೆದು ಪಕ್ಕಕ್ಕಿಟ್ಟುಕೊಂಡ. ನಾಡಿದ್ದು ಬರುವ ಪ್ರವಾಸಿಗಳಿಗೆ ಬೇಕು, ಆಚೆ ದಡದ ದೋಣಿಯವರಿಗೂ ತೋರಿಸಬೇಕು, ಅಷ್ಟರಲ್ಲಿ ಇನ್ನಷ್ಟು ಮಾಡಿ ಮೀನಿನ ವ್ಯಾನಿನಲ್ಲೇ ಕಳಿಸಿ ಎಂದ.

ದಡ ಸೇರುವ ಮೊದಲೇ ಅಣ್ಣನಿಗೆ ಫೋನು ಮಾಡಿದೆ. ಹಿಂದೆ ಶೆಡ್ಡಿನಲ್ಲಿ ಮಾತಿನ ಗದ್ದಲ.

"ಬೋಲ್ಟ್ ಬಿಚ್ಚಾಕೆ ಬಂದು ಕುಂತಾರೆ. ಏನಂದ ಅವನು?"

"ಮೀನು ಬಿತ್ತು, ಅಣ್ಣ."

"ಮೀನಿನ ಕಥಿ ಆಮ್ಯಾಲೆ. ಬೇಕಂತಾನೋ ಬ್ಯಾಡಂತಾನೋ?"

"ತಂದಿದ್ರಾಗೆ ಒಂದನ್ನೂ ವಾಪಸ್ ಕೊಡ್ತಿಲ್ಲ. ಜೇಬಿಗೆ ಹಾಕ್ಕಂಡು ಕುಂತಾನೆ."

ಅಣ್ಣ ಯಾರಿಗೋ ಸ್ಪ್ಯಾನರ್ ಕೆಳಗಿಡಲು ಹೇಳಿದ್ದು ಕೇಳಿಸಿತು. "ಹಂಗಾದ್ರೆ ಇವ್ರಿಗೆ ಚಾ ಕುಡಿಸಿ ಕಳಿಸ್ತೀನಿ," ಎಂದ. "ಮಿಷನ್ನಿಗೆ ಜಾಗ ನೀನೇ ಹುಡುಕ್ಬೇಕು ಮತ್ತೆ."

ಮರುದಿನ ಶೆಡ್ಡಿಗೆ ಬಂದು ಶಿವನೆಯ ತುಂಡನ್ನು ಲೇತಿಗೆ ಏರಿಸಿದೆ. ಅಳತೆಗೆಂದು ಮಾದರಿ ಒಂದೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ ಅದರ ಹೊಟ್ಟೆಯ ಉಬ್ಬನ್ನು ನೆನೆಸಿಕೊಳ್ಳಲು ನೋಡಿದೆ. ಒಂದೊಂದು ಸಲ ಒಂದೊಂದು ಆಕಾರ ಬಂತು. ಕಣ್ಣು ತೆರೆದು ಮೋಟಾರು ಹಾಕಿ ಉಳಿ ಒತ್ತಿ ಹಿಡಿದೆ. ಚಕ್ಕೆ ಹಾರಿ ಮುಖಕ್ಕೆ ಬಂತು. ಹಿಂದಿನದಕ್ಕಿಂತ ಹೊಟ್ಟೆ ಒಂಚೂರು ದಪ್ಪವಾಯಿತೇನೋ. ಇರಲಿ, ಬೆಸುಗೆ ತಂತಿ ಒಂದು ಸುತ್ತು ಹೆಚ್ಚು ಬೇಕಾದೀತು.